ನನ್ನ ಫೋನು ನುಡಿದ ಸಾಕ್ಷಿ

“ಒಕ್ಕಣೆಗೆ ಅಂತ ರಸ್ತೇಲಿ ಹುರುಳಿ ಹರಡಿದ್ರು ಸಾರ್. ನಾನು ಸೈಕಲ್ ಇಳಿದು ತಳ್ಕೊಂಡು ಹೋಗ್ತಿದ್ದೆ. ಈಯಪ್ಪನೇ ಬೈಕಲ್ಲಿ ಬಂದು ಗುದ್ದಿದ್ದು,” ಎಂದು ರಾಮಾಪುರ ಠಾಣೆಯಲ್ಲಿ ನಾನು ದನಿಯೇರಿಸಿ ಹೇಳಿದೆ.

ಮಂಡಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಹಾಲಿನವರು ಮೆಲ್ಲಗೆ, “ಇವ್ರು ಇಳೀನೇ ಇಲ್ಲ ಸಾ. ಹುರುಳಿ ಮ್ಯಾಲೆ ಜಾರಿ ನನ್ ಬೈಕಿಗೇ ಬಂದ್ಬುಟ್ರು,” ಎಂದರು.

ನನ್ನ ಸವಾರಿಯನ್ನೆಲ್ಲ ಜಿಪಿಎಸ್‌ನಲ್ಲಿ ದಾಖಲಿಸುವ ಫೋನನ್ನು ಜಂಬದಿಂದ ಮೇಜಿನ ಮೇಲಿಟ್ಟೆ. ಪೇದೆ ಅದರ ನಕ್ಷೆಯಲ್ಲಿ ಹುರುಳಿ ಹರಡಿದ್ದ ಜಾಗವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದರು. “ಇಲ್ಲಿ ಗಂಟೆಗೆ ಇಪ್ಪತ್ತೆರಡು ಕಿಲೋಮೀಟ್ರು ಅಂತ ತೋರುಸ್ತದೆ. ತಳ್ಕಂಡು ಇಷ್ಟು ಜೋರಾಗಿ ಓಯ್ತಿದ್ರಾ?”

ಸುಗ್ಗಿಯಲ್ಲಿ ಅಲ್ಲಿ ನಾನು ಯಾವಾಗಲೂ ಇಳಿಯುತ್ತೇನೆ. ಅಂದು ಇಳಿದದ್ದೂ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಆದರೆ ಫೋನಿನ ಲೆಕ್ಕ ಕಣ್ಣೆದುರೇ ಇತ್ತು; ಹಾಲಿನವರ ಕೈಹಿಡಿದು ಕ್ಷಮೆ ಕೇಳಿದೆ. ನಾನು ಹೇಳುತ್ತಿದ್ದದ್ದು ಸುಳ್ಳೆಂದು ನನಗೇ ಗೊತ್ತಿರಲಿಲ್ಲವಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.