ಬಾವಿಯ ಮೂರು ಮೆಟ್ಟಿಲುಗಳ ಹಸಿರು

ಮೊಮ್ಮಕ್ಕಳೇ, ಕಳೆದ ವಾರ ನಿಮ್ಮಲ್ಲಿ ಹಿರಿಯವಳು ವಿಜ್ಞಾನದ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. "ಆಯಿ, ಇದಕ್ಕ ಬೇರಿಲ್ಲ, ದಂಟಿಲ್ಲ, ಎಲಿ ಇಲ್ಲ. ಮೈಯೆಲ್ಲಾ ಒಂದ ಹಾಳಿ. ಥ್ಯಾಲಸ್ ಅಂತಾರ." ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಆ ಹೆಸರು ಗೊತ್ತಿರಲಿಲ್ಲ, ಆ ಮೈ ಗೊತ್ತಿತ್ತು. ಅದನ್ನು ಕೈಯಾರೆ ಕಿತ್ತವಳು ನಾನು. ಅದಕ್ಕಾಗಿ ನಮ್ಮ ಮನೆಯಲ್ಲಿ ಒಬ್ಬರ ಕೈ ಮುರಿಯಿತು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುತ್ತಿದ್ದೇನೆ.

ಕೃಷ್ಣಾ ನದಿಯ ಪೂರ, ಅಂದರೆ ನೆರೆ, ಜುಗೂಳ ಊರಿನ ನಮ್ಮ ಮನೆಗೆ ನುಗ್ಗಿ ಇಳಿದ ವರ್ಷ ಅದು. ನೀವಾಗ ತೀರ ಸಣ್ಣವರು. ನಾವು ಮರಳಿ ಬಂದಾಗ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದ ಹಗ್ಗದಲ್ಲೇ ಸತ್ತು ಉಬ್ಬಿತ್ತು. ಹಿತ್ತಲ ಬಾವಿಯ ಮೇಲಿನ ಮೂರು ಮೆಟ್ಟಿಲು ನೀರಿನಿಂದ ಹೊರಗಿದ್ದವು. ಕೆಲವೇ ವಾರಗಳಲ್ಲಿ ಅವು ಹಸಿರಾದವು.

ಪ್ರತಿ ವರ್ಷ ಮಳೆಗೆ ಮೊದಲೇ ಆ ಮೆಟ್ಟಿಲಿಗೆ ಸುಣ್ಣ ಬಳಿದು, ಹಸಿರು ಹುಟ್ಟದಂತೆ ನೋಡಿಕೊಳ್ಳುತ್ತಿದ್ದೆವು. ಹುಟ್ಟಿದ ಮೇಲೆ ಕೆರೆಯುವ ಹಾಗಿಲ್ಲ. ಸೂಜಿಯ ಮೊನೆಯಷ್ಟು ಪಾಚಿಯಲ್ಲೂ ಎಣಿಸಲಾರದಷ್ಟು ಜೀವಗಳಿವೆ ಎಂದು ನಂಬುವ ಜೈನರ ಮನೆ ನಮ್ಮದು. ಅದರಲ್ಲೂ ಚಾತುರ್ಮಾಸದ ನಾಲ್ಕು ತಿಂಗಳು ಹಸಿರನ್ನು ನೋಯಿಸುವುದಿಲ್ಲ ಎಂದು ನಿಮ್ಮ ಅಜ್ಜ ಮುನಿಗಳ ಮುಂದೆ ನೇಮ ಹಿಡಿದಿದ್ದರು. ಆ ವರ್ಷ ಸುಣ್ಣವನ್ನು ನೆರೆಯ ನೀರು ತೊಳೆದುಕೊಂಡು ಹೋಗಿತ್ತು.

ನನ್ನ ಅತ್ತೆ ಮಾತ್ರ ಬಸದಿಯ ಅಭಿಷೇಕದ ನೀರನ್ನು ತಾವೇ ತರಬೇಕೆಂದು, ಒದ್ದೆ ಸೀರೆಯಲ್ಲಿ, ದಿನಾ ಆ ಮೆಟ್ಟಿಲು ಇಳಿಯುತ್ತಿದ್ದರು. ಒಂದು ಬೆಳಿಗ್ಗೆ ಜಾರಿದರು. ಕೊಡ ಬಾವಿಗೆ ಬಿತ್ತು. ಅವರು ಗೋಡೆಯ ಕಲ್ಲನ್ನು ಅವುಚಿ ಉಳಿದರು, ಅಂಗೈಯ ಚರ್ಮ ಕಲ್ಲಿಗೆ ಅಂಟಿಕೊಂಡಿತು.

ನಿಮ್ಮ ಕಾಕಾಜ್ಜ, ನನ್ನ ಮೈದುನ, ಕೂಗಾಡಿದರು. "ಅಣ್ಣಾ, ಪಾಚಿ ಜೀವ ದೊಡ್ಡದು, ಅವ್ವನ ಜೀವ ಸಣ್ಣದೇನು? ನಾಳೆ ಎಲ್ಲಾ ಕೆರದ ಒಗೀತೀನಿ ನೋಡು."

"ಮುಟ್ಟಿ ನೋಡು ಮಗನ, ಕೈ ಕಡೀತೀನಿ," ಎಂದರು ನಿಮ್ಮ ಅಜ್ಜ.

ಅತ್ತೆ ಮರುದಿನವೂ ಇಳಿಯುವವರೇ. ಬೆಳಕು ಹರಿಯುವ ಹೊತ್ತಿಗೆ ನಾನು ಕಳೆ ಕೀಳುವ ಕುರ್ಪಿ ಹಿಡಿದು ಹೋದೆ. ಮೇಲಿನದು ದಾರದಂಥ ಲೋಳೆ. ಬೆರಳಿಗೆ ಸುತ್ತಿಕೊಂಡು ಬಂತು. ಅದರ ಕೆಳಗೆ ತುದಿ ಎರಡಾಗಿ ಸೀಳಿದ, ನಾಲಿಗೆಯಂಥ ಚಪ್ಪಟೆ ಹಸಿರು. ಅಡಿಯಲ್ಲಿ ಬೇರಿರಲಿಲ್ಲ, ಬಿಳಿಯ ಸಣ್ಣ ಕೂದಲಿದ್ದವು. ಕುರ್ಪಿ ತೂರಿಸಿದರೆ ಹಸಿ ಗಾಯದ ಹಕ್ಕಳೆಯ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಗೋಡೆಗೆ ಹತ್ತಿದ ಬೂದು ಬಣ್ಣದ ಹಕ್ಕಳೆ ಮಾತ್ರ ಕಲ್ಲನ್ನು ಬಿಡಲಿಲ್ಲ. ಅದರೊಳಗೆ ಅಣಬೆಯ ಜಾತಿಯೊಂದು ಪಾಚಿಯನ್ನು ಅಪ್ಪಿಕೊಂಡು ಒಂದೇ ಮೈಯಾಗಿ ಬದುಕುತ್ತದೆಂದು ಮೊನ್ನೆ ನಿಮ್ಮಿಂದಲೇ ತಿಳಿಯಿತು. ಕಿತ್ತದ್ದನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಸಾಯದಿರಲೆಂದು ಬಚ್ಚಲ ಹಿಂದಿನ ನೆರಳಿನಲ್ಲಿ ಹರವಿದೆ.

ನಿಮ್ಮ ಅಜ್ಜ ಬರಿಗಲ್ಲು ಕಂಡರು. ತಮ್ಮನೇ ಕೆರೆದನೆಂದುಕೊಂಡು ಸಲಿಕೆ ಎತ್ತಿಕೊಂಡರು. ಮೈದುನ ಹಲ್ಲುಜ್ಜುತ್ತ ನಿಂತಿದ್ದರು. ಸಲಿಕೆಯ ಮರದ ಕಾವಿನ ಮೊದಲ ಏಟು ಅವರ ಬೆನ್ನಿಗೆ. ಎರಡನೆಯದು ಕಿವಿಯ ಮೇಲೆ. ರಕ್ತ ಕುತ್ತಿಗೆಗೆ ಇಳಿಯಿತು. ತಲೆಗೆ ಅಡ್ಡ ಹಿಡಿದ ಕೈಗೆ ಮೂರನೆಯದು. ಹಸಿ ಕಬ್ಬು ಮುರಿದಂಥ ಸದ್ದು. ಅತ್ತೆ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. "ಎಷ್ಟ ಜೀವಾ ತಗದೀಲೇ!" ಎಂದು ನಿಮ್ಮ ಅಜ್ಜ ಮತ್ತೆ ಕಾವು ಎತ್ತಿದರು.

ಮೂರು ಏಟುಗಳಾಗುವವರೆಗೆ ನಾನು ಸುಮ್ಮನಿದ್ದೆ. ಇದನ್ನು ಬರೆಯಲೆಂದೇ ಪೆನ್ನು ಹಿಡಿದಿದ್ದೇನೆ.

"ಅವರಲ್ಲ, ನಾ ಕೆರದೇನ್ರಿ," ಎಂದೆ.

ಕಾವು ನನ್ನ ಕಡೆ ತಿರುಗಿತು. ಮೈದುನ ಮುರಿಯದ ಕೈಯಿಂದ ಅದನ್ನು ಹಿಡಿದುಕೊಂಡರು. "ವೈನಿ, ನೀವ ಒಳಗ ನಡೀರಿ. ಮುಂಜಾನೆ ನೀವ ಕೆರಿಯೂದು ನೋಡೇನಿ ನಾ," ಎಂದರು. ಆಮೇಲೆ ಅಣ್ಣನಿಗೆ, "ಇನ್ನ ಹೊಡೀಯಾಂವ ಇದ್ದೀ ಏನ? ಹೊಡಿ. ನನಗ ಹೊಡಿ."

ನಿಮ್ಮ ಅಜ್ಜ ಕಾವನ್ನು ಕೆಳಗೆ ಬಿಟ್ಟರು. ಬಾವಿಕಟ್ಟೆಯ ಮೇಲೆ ಹೋಗಿ ಕುಳಿತರು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ನಿಮ್ಮ ಅಜ್ಜ, "ಬಾವಿ ಮೆಟ್ಟಲ ಮ್ಯಾಲ ಜಾರಿ ಬಿದ್ದಾನ್ರಿ," ಎಂದರು. ಮೈದುನ ಹೌದೆಂದರು. ನಾನೂ ತಲೆಯಾಡಿಸಿದೆ. ನೀವು ಇವತ್ತಿನವರೆಗೆ ಕೇಳಿಕೊಂಡು ಬಂದದ್ದು ಆ ಮಾತನ್ನೇ. ನಿಮ್ಮ ಅಜ್ಜ ಹೋದ ಮೇಲೂ ನಾನು ಅದನ್ನು ತಿದ್ದಲಿಲ್ಲ.

ಕಾಕಾಜ್ಜನ ಸೊಟ್ಟ ಕೈ ನೋಡಿ ನೀವು ನಗುವಾಗ ಇದು ತಿಳಿದಿರಲಿ: ಆ ದಿನ ಆ ಮೆಟ್ಟಿಲುಗಳ ಮೇಲೆ ಜಾರುವಂಥದ್ದು ಏನೂ ಉಳಿದಿರಲಿಲ್ಲ.