ನಿಧಾನದ ರಾತ್ರಿಯ ಕ್ಯಾಸೆಟ್ಟು

ಟಾರ್ಚಿನ ಹಳೇ ಸೆಲ್ಲುಗಳನ್ನು ಒಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಒಣಗಲು ಇಡುವುದು ನಮ್ಮ ಕಡೆ ಮಳೆಗಾಲದ ಪದ್ಧತಿ. ಬಿಸಿ ತಾಗಿದ ಸೆಲ್ಲು ಇನ್ನೊಂದೆರಡು ದಿನ ಉಸಿರು ಹಿಡಿಯುತ್ತದೆ. ಅದು ಮುದುಕರಿಗೆ ಕಾಫಿ ಕೊಟ್ಟ ಹಾಗೆ, ಎದ್ದು ಕೂರುತ್ತಾರೆ, ಓಡುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ಮೂರು ಜನ ದೊಡ್ಡವರು ಎಂಟು ವರ್ಷ ಒಂದು ತಪ್ಪಿಗೆ ತಲೆದೂಗುತ್ತಿರಲಿಲ್ಲ.

ಆ ಮೂವರಲ್ಲಿ ಒಬ್ಬ ನಾನು. ಜಾವಳಿಯಲ್ಲಿ ನಾಲ್ಕೆಕರೆ ಕಾಫಿ ಇಟ್ಟುಕೊಂಡವನು. ಇನ್ನೊಬ್ಬ ಆಲ್ದೂರಿನಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಗೆಳೆಯ, ನಮ್ಮೆಲ್ಲರ ಭಾಯ್. ಮೂರನೆಯವರು ಕುದುರೆಮುಖದ ಗಣಿಯ ಟೌನ್‌ಶಿಪ್ಪಿನಲ್ಲಿದ್ದ ಎಂಜಿನಿಯರು, ಮೈಸೂರು ಕಡೆಯವರು, ನಮಗಿಂತ ಹತ್ತು ವರ್ಷ ಹಿರಿಯರು. ಅವರನ್ನು ನಾವು ಸಾರ್ ಎನ್ನುತ್ತಿದ್ದೆವು. ನಮಗೆ ಮೀಸೆ ಚಿಗುರುವ ಮೊದಲೇ ಒಡೆದು ಚೂರಾಗಿದ್ದ ಒಂದು ಇಂಗ್ಲಿಷ್ ರಾಕ್ ಬ್ಯಾಂಡು ನಮ್ಮನ್ನು ಒಟ್ಟುಗೂಡಿಸಿತ್ತು. ರಿಪೇರಿಯಾದ ಒಂದು ಸೆಟ್ಟನ್ನು ಪರೀಕ್ಷಿಸಲು ಭಾಯ್ ಆ ಬ್ಯಾಂಡಿನ ಕ್ಯಾಸೆಟ್ಟು ಹಾಕಿದ್ದಾಗ, ಬಸ್ಸು ಕಾಯುತ್ತಿದ್ದ ಸಾರ್ ಬಸ್ಸನ್ನು ಬಿಟ್ಟು ಒಳಗೆ ಬಂದು ಕುಳಿತರು. ರೇಡಿಯೋ ಹಿಡಿದುಕೊಂಡು ಬಂದಿದ್ದ ನಾನೂ ಕುಳಿತೆ. ಹಾಗೆ ಶುರುವಾಯಿತು.

ಅಂಗಡಿಯಲ್ಲಿ ಸಿಗುವ ಹಾಡುಗಳಲ್ಲ ನಮ್ಮ ಹುಚ್ಚು. ಆ ಬ್ಯಾಂಡು ಒಂದು ವರ್ಷ ಊರೂರು ಸುತ್ತಿ ಕಛೇರಿ ನಡೆಸಿದಾಗ ಜನರ ನಡುವೆ ಯಾರೋ ಕದ್ದು ರೆಕಾರ್ಡ್ ಮಾಡಿಕೊಂಡಿದ್ದ ಹಾಡುಗಳು. ಹಡಗಿನಲ್ಲಿ ಕೆಲಸಕ್ಕಿದ್ದ ಸಾರ್ ಅವರ ಸಹಪಾಠಿಯೊಬ್ಬರು ಅವುಗಳ ನಕಲು ತಂದುಕೊಡುತ್ತಿದ್ದರು. ಉದ್ದನೆಯ ಒಂದೇ ಒಂದು ಹಾಡು, ಆದರೆ ಒಂದೊಂದು ರಾತ್ರಿ ಒಂದೊಂದು ರೀತಿ. ಆ ಊರುಗಳ ಹೆಸರು ನಮ್ಮ ಬಾಯಲ್ಲಿ ನಿಲ್ಲದ್ದರಿಂದ ನಾವೇ ನಾಮಕರಣ ಮಾಡಿದೆವು. ಹಾಡಿನ ನಡುವೆ ಒಬ್ಬ ಬಿಡದೆ ಕೆಮ್ಮುತ್ತಿದ್ದದ್ದು ಕೆಮ್ಮಿನ ರಾತ್ರಿ. ಗಿಟಾರು ನಿಂತ ಕೂಡಲೇ ಒಬ್ಬ ಕಿವಿ ಸೀಳುವಂತೆ ಸಿಳ್ಳೆ ಹಾಕಿದ್ದು ಸಿಳ್ಳೆ ರಾತ್ರಿ.

ಹೋಲಿಸುವ ಕ್ರಮವನ್ನು ನಾವು ಕಾಫಿಯವರಿಂದ ಎರವಲು ತಂದೆವು. ಕಾಫಿ ರುಚಿ ನೋಡುವವರು ಯಾವ ಎಸ್ಟೇಟಿನದೆಂದು ಕೇಳದೆ, ಸಾಲಾಗಿಟ್ಟ ಲೋಟಗಳಿಂದ ಹೀರಿ, ಉಗಿದು, ಅಂಕ ಹಾಕುತ್ತಾರಲ್ಲ, ಹಾಗೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಭಾಯ್ ನಮಗೆ ಬೆನ್ನು ಮಾಡಿ ಕ್ಯಾಸೆಟ್ಟು ಹಾಕಬೇಕು. ನಾವು ರಾತ್ರಿ ಯಾವುದೆಂದು ಹೇಳಿ ಹತ್ತಕ್ಕೆ ಎಷ್ಟು ಎಂದು ಹೇಳಬೇಕು. ಸಾರ್ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಭಾಯ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅರ್ಥವಾಗದೆ ಹೇಗಪ್ಪಾ ಅಂಕ ಕೊಡ್ತೀಯ ಎಂದು ಒಮ್ಮೆ ಕೆಣಕಿದ್ದಕ್ಕೆ ಅವನೆಂದ:

"ಅವ್ನು ಏನು ಹೇಳ್ತಾನೆ ಅಂತ ನಂಗ್ಯಾಕೆ ಮಾರಾಯ. ಯಾಕೆ ಹೇಳ್ತಾನೆ ಅಂತ ಗೊತ್ತಾಗ್ತದಲ್ಲ, ಸಾಕು."

ಮೂರನೆಯ ರಾತ್ರಿಯನ್ನು ತಂದವನು ನಾನು. ನಮ್ಮ ಪಕ್ಕದ ಎಸ್ಟೇಟಿಗೆ ಮದುವೆಗೆಂದು ಹೊರದೇಶದಿಂದ ಬಂದಿದ್ದ ನೆಂಟರೊಬ್ಬರ ಬಳಿ ಅದೇ ಬ್ಯಾಂಡಿನ ಕಛೇರಿಯ ಕ್ಯಾಸೆಟ್ಟಿತ್ತು. ಮೇಲೆ ಚೀಟಿಯಿಲ್ಲ, ಊರಿಲ್ಲ. ಮರುದಿನ ಬೆಳಿಗ್ಗೆ ಹಿಂದಿರುಗಿಸುವ ಮಾತಿನ ಮೇಲೆ ಕೊಟ್ಟರು. ಶ್ರಾವಣದ ಮಳೆ, ಕರೆಂಟು ಹೋಗಿ ವಾರವಾಗಿತ್ತು. ಎರಡು ಸೆಟ್ಟಿಗೆ ವೈರು ಸಿಕ್ಕಿಸಿ ನಕಲು ಇಳಿಸಿಕೊಳ್ಳಲು ಕುಳಿತರೆ ಹೊಸ ಸೆಲ್ಲು ಒಂದು ಸೆಟ್ಟಿಗಾಗುವಷ್ಟೇ ಇದ್ದವು. ನಾನು ಜಾಣತನ ಮಾಡಿದೆ. ಬರೆದುಕೊಳ್ಳುವವನಿಗೆ ತ್ರಾಣ ಬೇಕು, ಓದಿ ಹೇಳುವವನಿಗೇನು ಎಂದು, ರೆಕಾರ್ಡು ಮಾಡುವ ಸೆಟ್ಟಿಗೆ ಹೊಸ ಸೆಲ್ಲು, ಹಾಡುವ ಸೆಟ್ಟಿಗೆ ಒಲೆ ಮೇಲೆ ಒಣಗಿಸಿದ್ದು ಹಾಕಿದೆ. ಸೆಲ್ಲು ಉಳಿಯಲೆಂದು ನಮ್ಮ ಆ ಒಂದು ಹಾಡನ್ನಷ್ಟೇ ಇಳಿಸಿದೆ, ಸ್ಪೀಕರಿನ ದನಿಯನ್ನೂ ಪೂರ್ತಿ ತಗ್ಗಿಸಿಬಿಟ್ಟಿದ್ದೆ. ಹಾಗಾಗಿ ಏನಾಗುತ್ತಿದೆಯೆಂದು ನನ್ನ ಕಿವಿಗೆ ಬೀಳಲಿಲ್ಲ.

ಆಲ್ದೂರಿನಲ್ಲಿ ಅದನ್ನು ಹಾಕಿದಾಗ ಮೂವರೂ ಉಸಿರು ಬಿಗಿಹಿಡಿದು ಕುಳಿತೆವು. ಹಾಡುಗಾರನ ದನಿ ಬಾವಿಯಿಂದ ಬಂದಂತಿತ್ತು. ಗಿಟಾರು ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತಿತ್ತು. ಗಿಟಾರು ನಿಂತಾಗ ಜನರ ನಡುವಿನಿಂದ ಯಾರೋ ಗುಡ್ಡದಾಚೆಗೆ ಕೂ ಹಾಕಿದ ಹಾಗೆ ಒಂದು ಕರೆ. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತಕ್ಕೆ ಹತ್ತು ಎಂದು ಮೊದಲ ಸಲ ಬರೆದರು. ನಿಧಾನದ ರಾತ್ರಿ ಎಂದು ಹೆಸರಿಟ್ಟವರೂ ಅವರೇ. ಒಡೆದು ಹೋಗುವ ಮುನ್ನ ಆ ಬ್ಯಾಂಡಿನವರಿಗೆ ತಮ್ಮ ಅಂತ್ಯ ಗೊತ್ತಾಗಿತ್ತು, ಅದಕ್ಕೇ ಹಾಗೆ ನುಡಿಸಿದ್ದಾರೆ ಎಂದು ಅವರ ವಾದ. ನಾವೂ ಒಪ್ಪಿದೆವು.

ವರ್ಷಗಳು ಕಳೆದು ಕುದುರೆಮುಖದಲ್ಲಿ ಗಣಿ ನಿಂತಿತು. ಸಾರ್ ಅವರ ಹೆಂಡತಿ, ಮಗಳು ಮೊದಲೇ ಮೈಸೂರಿಗೆ ಹೋದರು. ಸಾಲುಸಾಲು ಮನೆಗಳಿಗೆ ಬೀಗ ಬೀಳುತ್ತಿದ್ದ ಆ ಊರಿನಲ್ಲಿ ಅವರೊಬ್ಬರೇ ಕಾಗದಪತ್ರ ಮುಗಿಸಿಕೊಳ್ಳಲು ಉಳಿದರು. ಆಗ ಚಿಕ್ಕಮಗಳೂರಿನ ಸೈಬರ್ ಕೆಫೆಯೊಂದರಲ್ಲಿ ಅವರಿಗೆ ಆ ಬ್ಯಾಂಡಿನ ಅಭಿಮಾನಿಗಳದೊಂದು ಬಳಗ ಸಿಕ್ಕಿತು. ಕಛೇರಿಯ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಹಂಚಿಕೊಂಡು ರಾತ್ರಿಗಳನ್ನು ಹೋಲಿಸುವ, ನಮ್ಮಂಥವರೇ, ಆದರೆ ಸಾಗರದಾಚೆಯವರು. ನಿಧಾನದ ರಾತ್ರಿಯನ್ನು ಅವರಾರೂ ಕೇಳಿರಲಿಲ್ಲ. ಸಾರ್ ಹನ್ನೊಂದು ಪುಟದ ಪತ್ರ ಬರೆದರು. ಆ ಕೂಗಿನ ಬಗ್ಗೆಯೇ ಅರ್ಧ ಪುಟ. ಮುಂದಿನ ಭಾನುವಾರ ಕ್ಯಾಸೆಟ್ಟಿನೊಂದಿಗೆ ತಂದು ನಮಗೆ ಓದಿ, ಸೋಮವಾರ ಅಂಚೆಗೆ ಹಾಕುವುದೆಂದು ತೀರ್ಮಾನವಾಯಿತು. ಇಪ್ಪತ್ತು ವರ್ಷದ ಕೆಲಸ ಹೋದವರ ಮುಖದಲ್ಲಿ ಅಂಥ ಉತ್ಸಾಹ ಕಂಡು ನನಗೆ ಸಮಾಧಾನವಾಗಿತ್ತು.

ಆ ವಾರದ ನಡುವೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಭಾಯ್ ಹೇಳಿಕಳಿಸಿದ, ತಕ್ಷಣ ಬರಬೇಕಂತೆ. ಹೋದೆ. ಬೆಲ್ಟು ಸಡಿಲವಾಗಿ ನಿಧಾನಕ್ಕೆ ತಿರುಗುತ್ತಿದ್ದ ಒಂದು ಸೆಟ್ಟು ರಿಪೇರಿಗೆ ಬಂದಿತ್ತು. ಪರೀಕ್ಷೆಗೆಂದು ಅವನು ಸಿಳ್ಳೆ ರಾತ್ರಿಯನ್ನು ಹಾಕಿದ್ದ. ಸ್ಪೀಕರಿನಿಂದ ನಿಧಾನದ ರಾತ್ರಿ ಬರುತ್ತಿತ್ತು. ಅದೇ ಬಾವಿಯ ದನಿ, ಗಿಟಾರು ನಿಂತಲ್ಲಿ ಅದೇ ಕೂ. ಎರಡೂ ಒಂದೇ ಕಛೇರಿಯ ನಕಲುಗಳು. ಒಲೆ ಮೇಲಿನ ಹಲಗೆ ನನ್ನ ಕಣ್ಣಿಗೆ ಕಟ್ಟಿತು. ಆ ಸೆಲ್ಲಿನಲ್ಲಿ ಸೆಟ್ಟು ಏದುತ್ತ ತಿರುಗಿ, ಆ ನಿಧಾನವೇ ನಕಲಿಗೆ ಇಳಿದಿತ್ತು. ಎಲ್ಲವನ್ನೂ ಅವನಿಗೆ ಹೇಳಿದೆ. ಸಾರ್‌ಗೆ ಹೇಳುವುದು ಬೇಡ, ಈ ಸಮಯದಲ್ಲಿ ಬೇಡ ಎಂದೂ ಅಂದೆ. ಭಾಯ್ ಕೈಯೊರೆಸಿಕೊಳ್ಳುತ್ತ ಹೇಳಿದ:

"ನಾವು ಹೇಳಿದ್ರೆ ನಮಗೆ ಬೈತಾರೆ. ಆ ದೂರದವ್ರು ಕಂಡುಹಿಡಿದು ನಕ್ಕರೆ, ಸಾರ್ ಯಾರಿಗೆ ಬೈಬೇಕು ಹೇಳು?"

ಭಾನುವಾರ ಸಾರ್ ಬಂದರು. ಲಕೋಟೆಗೆ ಸ್ಟಾಂಪು ಹಚ್ಚಿಯಾಗಿತ್ತು. ಪತ್ರ ಓದುವ ಮೊದಲು ಒಂದು ಸುತ್ತು ರುಚಿ ನೋಡೋಣ ಎಂದು ಭಾಯ್ ಎಂದಿನಂತೆ ಬೆನ್ನು ಮಾಡಿ ಕ್ಯಾಸೆಟ್ಟು ಹಾಕಿದ. ಎರಡು ಸಾಲು ಕೇಳುವಷ್ಟರಲ್ಲಿ ಸಾರ್, ನಿಧಾನದ ರಾತ್ರಿ, ಹತ್ತಕ್ಕೆ ಹತ್ತು, ಎಂದರು. ಭಾಯ್ ಮೋಟಾರಿನ ವೇಗದ ಸಣ್ಣ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ ಹೋದ. ದನಿ ಬಾವಿಯಿಂದ ಮೇಲೆದ್ದಿತು, ಗಿಟಾರು ಹೆಜ್ಜೆ ಬೀಸಿತು, ಸಿಳ್ಳೆ ಕಿವಿ ಸೀಳಿತು. ಅವನು ಕ್ಯಾಸೆಟ್ಟು ತೆಗೆದು ಸಾರ್ ಕೈಗೆ ಕೊಟ್ಟ. ಮೇಲೆ ಅವರದೇ ಅಕ್ಷರದಲ್ಲಿ ಸಿಳ್ಳೆ ರಾತ್ರಿ ಎಂದಿತ್ತು.

ನಾನು ತಲೆ ತಗ್ಗಿಸಿ ಸೆಲ್ಲಿನ ಕತೆ ಹೇಳಿದೆ. ಸಾರ್ ಕ್ಯಾಸೆಟ್ಟನ್ನು ಮಗುಚಿ ನೋಡಿದರು.

"ಎಷ್ಟು ಸೆಲ್ಲು?"

"ಆರು, ಸಾರ್."

"ಎಲ್ಲಾ ಒಲೆ ಮೇಲಿಂದೇನಾ?"

"ಎಲ್ಲಾ."

"ಹಂಗಾದ್ರೆ ಆ ಬ್ಯಾಂಡಿನವ್ರು ದುಃಖದಲ್ಲಿ ಇರ್ಲೇ ಇಲ್ಲ ಕಣಯ್ಯಾ."

ಭಾಯ್ ಹೇಳಿದ, "ಅವ್ರಿಗೆ ಯಾಕೆ ಇರ್ಬೇಕು ಸಾರ್. ಕೇಳೋರಿಗೆ ಇತ್ತಲ್ಲ."

ಸಾರ್ ನಗಲಿಲ್ಲ, ಬೈಯಲೂ ಇಲ್ಲ. ಕ್ಯಾಸೆಟ್ಟನ್ನು ಭಾಯ್‌ಗೆ ಮರಳಿಸಿ, ಸ್ಕ್ರೂವನ್ನು ಹಿಂದಕ್ಕೆ ತಿರುಗಿಸು ಎಂದರು. ಹಾಡನ್ನು ಕೊನೆಯವರೆಗೆ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಲಕೋಟೆಯನ್ನು ಒಡೆದು, ಹನ್ನೊಂದು ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡು, ಭಾಯ್ ಕೊಟ್ಟ ಹಾಳೆಯ ಮೇಲೆ ಹೊಸ ಪತ್ರ ಬರೆಯತೊಡಗಿದರು. ಅದು ಒಂದೇ ಪುಟ. ಈ ನಕಲು ನಮ್ಮ ಗುಡ್ಡಗಳ ಮಳೆಯಲ್ಲಿ, ಒಲೆಯ ಮೇಲೆ ಒಣಗಿಸಿದ ಆರು ಸೆಲ್ಲಿನಿಂದ ಆದದ್ದು, ತಪ್ಪು ನಮ್ಮದು, ಆದರೂ ಒಮ್ಮೆ ಕೇಳಿ ನೋಡಿ ಎಂದಷ್ಟೇ. ಮೈಸೂರಿನ ಬಾಡಿಗೆ ಮನೆ ಇನ್ನೂ ಗೊತ್ತಾಗಿರಲಿಲ್ಲವಾದ್ದರಿಂದ ಕೆಳಗೆ ಭಾಯ್ ಅಂಗಡಿಯ ವಿಳಾಸ ಹಾಕಿದರು. ಹೋಗುವಾಗ ನನ್ನ ಭುಜ ಒಮ್ಮೆ ಒತ್ತಿದರು. ಆ ತಿಂಗಳೇ ಮೈಸೂರು ಸೇರಿದರು.

ಹೂಮಳೆ ಬಿದ್ದು ಕಾಫಿ ಅರಳಿದ್ದ ವಾರ ಆಲ್ದೂರಿಗೆ ಹೊರದೇಶದ ಲಕೋಟೆ ಬಂತು. ಭಾಯ್ ಅದನ್ನು ಒಡೆಯದೆ ನಾನು ಹೋಗುವವರೆಗೆ ಇಟ್ಟಿದ್ದ. ಸಾರ್‌ಗೆ ಫೋನು ಮಾಡಿ, ಅವರು ಓದಿ ಎಂದ ಮೇಲೆ ಒಡೆದೆವು. ನಾನು ಫೋನಿನಲ್ಲಿ ಅವರಿಗೆ ಇಂಗ್ಲಿಷಿನಲ್ಲೂ, ಎದುರಿಗಿದ್ದ ಭಾಯ್‌ಗೆ ಕನ್ನಡದಲ್ಲೂ ಓದಿ ಹೇಳಿದೆ. ಬಳಗದವರು ಕ್ಯಾಸೆಟ್ಟನ್ನು ಒಬ್ಬರಿಂದೊಬ್ಬರಿಗೆ ಕಳಿಸಿ ಕೇಳಿದ್ದರಂತೆ. ತಮ್ಮ ಪಟ್ಟಿಯಲ್ಲಿ ಅದಕ್ಕೆ ಬೇರೆಯೇ ಜಾಗ ಕೊಟ್ಟಿದ್ದರಂತೆ. ಕೊನೆಯಲ್ಲಿ ಒಂದು ಪ್ರಶ್ನೆ: ಸೆಲ್ಲನ್ನು ಒಲೆಯ ಮೇಲೆ ಎಷ್ಟು ದಿನ ಇಡಬೇಕು?

ಫೋನಿನಲ್ಲಿ ಸಾರ್ ನಗುತ್ತಿದ್ದರು, ನಿಲ್ಲಿಸಲಾಗದೆ. ಏನಂತ ಬರೆಯೋದು ಎಂದು ಭಾಯ್ ಕಡೆ ನೋಡಿದೆ. ಅವನು ಸ್ಕ್ರೂಡ್ರೈವರಿನಿಂದ ಕಿವಿಯ ಹಿಂದೆ ಕೆರೆದುಕೊಂಡು ಗಂಭೀರವಾಗಿ ಹೇಳಿದ:

"ಮಳೆ ನೋಡ್ಕೊಂಡು ಅಂತ ಬರಿ, ಮಾರಾಯ."