ಕೋಟು ಬಿಚ್ಚದ ನೆಪೋಲಿಯನ್

ಜಗತ್ತನ್ನು ಆಳಿದ ಚಕ್ರವರ್ತಿಗಳೆಲ್ಲ ಕೊನೆಗೆ ಎಲ್ಲಿ ಹೋದರು ಎಂಬುದಕ್ಕೆ ಇತಿಹಾಸದ ಪುಸ್ತಕಗಳು ಒಂದೊಂದು ಕತೆ ಹೇಳುತ್ತವೆ. ಅವರು ಇರುವುದು ಶಿವಮೊಗ್ಗದ ರಾಗಿಗುಡ್ಡದಲ್ಲಿ. ಜಮ್ಶೀದ್ ಸಾಬರ ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯ ಮೇಲೆ, ಹೆಗಲಿಗೆ ಹೆಗಲು ತಾಗಿಸಿ ನೇತಾಡುತ್ತಿದ್ದಾರೆ. ಅಕ್ಬರನ ಪಕ್ಕ ಕೃಷ್ಣದೇವರಾಯ, ಅವನ ಪಕ್ಕ ಸೀಸರ್. ಸೀಸರ್ ಅಸಲಿಗೆ ಒಂದು ಬಿಳಿ ಬೆಡ್‌ಶೀಟು. ಅದರ ಮೂಲೆಯಲ್ಲಿ ಟೀ ಕಲೆಯಿದೆ. ಅಷ್ಟು ಭಾಗವನ್ನು ಒಳಗೆ ಮಡಚಿದರೆ ರೋಮ್ ಸಾಮ್ರಾಜ್ಯದ ಮಾನ ಉಳಿಯುತ್ತದೆ.

ಅರವತ್ತೊಂದರ ಜಮ್ಶೀದ್ ಸಾಬರು ಸ್ಕೂಲ್ ಡೇಗಳಿಗೆ ಡ್ರೆಸ್ ಬಾಡಿಗೆ ಕೊಡುವವರು. ಹುಟ್ಟಿನಿಂದ ಈ ಪದವಿ ಬಂದದ್ದಲ್ಲ. ಅವರ ತಂದೆ ಮದುವೆ ಬ್ಯಾಂಡ್ ಕಟ್ಟಿದ್ದರು. ಹನ್ನೊಂದು ಜನ, ಹನ್ನೊಂದು ಕೆಂಪು ಕೋಟು, ಭುಜದ ಮೇಲೆ ಬಂಗಾರ ಬಣ್ಣದ ಕುಚ್ಚು. ಮುಂದೆ ಟ್ರಂಪೆಟ್ ಊದುತ್ತಾ ಹೋಗುತ್ತಿದ್ದವರೇ ಜಮ್ಶೀದ್. ಅವರು ಊದದೆ ಈ ಜಿಲ್ಲೆಯ ಯಾವ ಜಾತಿಯ ಮದುಮಗನೂ ಛತ್ರದ ಬಾಗಿಲು ದಾಟಿದ್ದಿಲ್ಲ. ಆಮೇಲೆ ಡಿಜೆ ಬಂತು. ಒಂದು ಮಿನಿ ಲಾರಿ, ನಾಲ್ಕು ದೊಡ್ಡ ಪೆಟ್ಟಿಗೆ, ಒಬ್ಬ ಆಪರೇಟರ್. ಹನ್ನೊಂದು ಜನರ ಸೇನೆ ಎರಡೇ ಸೀಸನ್ನಿನಲ್ಲಿ ಚದುರಿಹೋಯಿತು. ಡ್ರಮ್ಮಿನವನು ಆಟೋ ಹಿಡಿದ, ಕ್ಲಾರಿನೆಟ್ಟಿನವನು ಗ್ಯಾರೇಜ್ ಸೇರಿದ. ಕೋಟುಗಳು ಮಾತ್ರ ಸಾಬರ ಪಾಲಿಗೆ ಉಳಿದವು.

ಒಂದು ದಿನ ಯಾವುದೋ ಶಾಲೆಯ ಮೇಷ್ಟ್ರು ಬಂದು, "ನೆಪೋಲಿಯನ್ ಡ್ರೆಸ್ ಎಲ್ಲೂ ಸಿಗ್ತಿಲ್ಲ, ನಿಮ್ಮ ಬ್ಯಾಂಡಿನ ಕೋಟು ಇದೆಯಾ ಸಾಬ್ರೆ?" ಎಂದರು. ಸಾಬರ ಹೆಂಡತಿ ಗುಲ್ಷನ್ ಬೀ ಹೊಲಿಗೆ ಮಿಷನ್ನಿನ ಮುಂದೆ ಕೂತು, ಗಂಡನದೇ ಕೋಟನ್ನು ಎಂಟು ವರ್ಷದ ಮಗುವಿನ ಅಳತೆಗೆ ಇಳಿಸಿದರು. ಫ್ರಾನ್ಸಿನ ಸಾಮ್ರಾಜ್ಯ ಹೀಗೆ ರಾಗಿಗುಡ್ಡದಲ್ಲಿ ಮರಳಿ ಎದ್ದಿತು. ಉಳಿದ ಹತ್ತು ಕೋಟುಗಳನ್ನು ಅಷ್ಟರಲ್ಲಿ ಹುಳುಗಳು ತಿಂದು ಮುಗಿಸಿದ್ದವು.

ಈ ಕಸುಬಿನಲ್ಲಿ ಸಾಬರು ರಾಜನೀತಿ ಕಲಿತರು. ಕಿರೀಟ ತೊಡಿಸಲು ಎರಡು ನಿಮಿಷ ಸಾಕು, ಬಿಚ್ಚಿಸುವುದೇ ವಿದ್ಯೆ. ಸ್ಟೇಜಿನಿಂದ ಇಳಿದ ರಾಜ ಸುಲಭಕ್ಕೆ ರಾಜ್ಯ ಬಿಡುವುದಿಲ್ಲ, ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ಅದಕ್ಕೆ ಅವರದೊಂದು ಕ್ರಮವಿದೆ. ಮೊದಲು ಟೋಪಿ, ಆಮೇಲೆ ಕತ್ತಿ, ಕೊನೆಗೆ ಕೋಟು. ಟೋಪಿ ಹೋದಮೇಲೆ ಅರ್ಧ ಧೈರ್ಯ ಹೋಗಿರುತ್ತದೆ. ತಕರಾರಿಲ್ಲದೆ ಅಧಿಕಾರ ಬಿಡುವವರು ಗಾಂಧೀಜಿ ಮಾತ್ರ. ಡಿಸೆಂಬರ್ ಚಳಿಯಲ್ಲಿ ತುಂಡುಪಂಚೆ ಉಟ್ಟ ಮಗು ತಾನಾಗಿಯೇ ಓಡಿಬಂದು ಷರ್ಟು ಕೇಳುತ್ತದೆ. ಇನ್ನು ಅಶೋಕನೊಬ್ಬನಿದ್ದಾನೆ. ಅವನ ಕತ್ತಿ ಯಾವತ್ತೋ ಮುರಿದಿದ್ದರಿಂದ ಸಾಬರು ಅವನನ್ನು ಕಳಿಂಗ ಯುದ್ಧದ ನಂತರದ ಅಶೋಕ ಎಂದೇ ಬಾಡಿಗೆಗೆ ಕೊಡುತ್ತಾರೆ. ಯಾರೂ ಒಯ್ಯುವುದಿಲ್ಲ.

ಇಂಥ ಚಕ್ರವರ್ತಿಗಳ ಧಣಿ ಒಬ್ಬಳಿಗೆ ಮಾತ್ರ ಹೆದರುತ್ತಿದ್ದರು. ಭದ್ರಾವತಿಯ ಜನ್ನಾಪುರದಲ್ಲಿರುವ ಮಗಳು ಫರ್ಹೀನ್‌ಳ ಮಗಳು, ಎರಡನೇ ಕ್ಲಾಸಿನ ರೂಹಿ. ಅವಳು ಎಲ್‌ಕೆಜಿಯಲ್ಲಿ ಚಿಟ್ಟೆಯಾದಳು, ಯುಕೆಜಿಯಲ್ಲಿ ಕ್ಯಾರೆಟ್ ಆದಳು, ಒಂದನೇ ಕ್ಲಾಸಿನಲ್ಲಿ ಮೋಡವಾದಳು. ಮೂರೂ ಚಾರ್ಟ್ ಪೇಪರಿನವು. ಸ್ಕೂಲ್ ಡೇ ಕಾಲಕ್ಕೆ ಅಜ್ಜನ ಅಂಗಡಿಯಲ್ಲಿ ಅವಳಿಗೆಂದು ಒಂದು ತುಂಡು ಬಟ್ಟೆಯೂ ಉಳಿದಿರುತ್ತಿರಲಿಲ್ಲ. ಈ ವರ್ಷ ಅವಳೇ ನೆಪೋಲಿಯನ್.

"ನಾನಾ, ಈ ಸಲ ಬಾಡಿಗೆಗೆ ಹೋಗಿದೆ ಅನ್ಬೇಡಿ," ಎಂದಿದ್ದಳು ಅಜ್ಜನಿಗೆ ಫೋನಿನಲ್ಲಿ.

"ಇಲ್ಲಮ್ಮ. ನಾಲ್ಕು ಗಂಟೆಗೆ ನಾನೇ ತಂದು ಹಾಕ್ತೀನಿ," ಎಂದು ಸಾಬರು ಮಾತು ಕೊಟ್ಟಿದ್ದರು.

ಆದರೆ ಅದೇ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಶಿವಮೊಗ್ಗದ ರವೀಂದ್ರನಗರದ ಶಾಲೆಯೊಂದಕ್ಕೂ ನೆಪೋಲಿಯನ್ ಬುಕ್ ಆಗಿದ್ದ. ಹನ್ನೆರಡಕ್ಕೆ ಇಲ್ಲಿ ಪದಚ್ಯುತಿ, ನಾಲ್ಕಕ್ಕೆ ಅಲ್ಲಿ ಪಟ್ಟಾಭಿಷೇಕ, ನಡುವೆ ಮುಕ್ಕಾಲು ಗಂಟೆಯ ಬಸ್ಸು. ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಇಲ್ಲಿನ ನೆಪೋಲಿಯನ್ ಏಳು ವರ್ಷದ ವಿಶ್ವಾರಾಧ್ಯ. ಟೋಪಿ ಕೊಟ್ಟ. ಕತ್ತಿ ಕೊಟ್ಟ. ಟೀಚರು ಗದರಿದ ಮೇಲೆ ಕೋಟೂ ಬಿಚ್ಚಿಟ್ಟ. ಸಾಬರು ಅದನ್ನು ಚೀಲಕ್ಕೆ ಹಾಕಿ, ಆ ಕಡೆ ತಿರುಗಿ ಸೀಸರನ ಬೆಡ್‌ಶೀಟು ಬಿಚ್ಚಿಸಿ, ಈ ಕಡೆ ತಿರುಗಿದರೆ ಚೀಲದಲ್ಲಿ ಟೋಪಿ ಮತ್ತು ಕತ್ತಿ ಮಾತ್ರ ಇದ್ದವು. ಚಕ್ರವರ್ತಿ ಮತ್ತೆ ಕೋಟು ತೊಟ್ಟು, ತಾಯಿಯ ಸ್ಕೂಟಿ ಏರಿ ಹೊರಟುಹೋಗಿದ್ದ.

ವಿಳಾಸ ಹಿಡಿದು, ಮೂರು ಕ್ರಾಸ್ ನಡೆದು ಸಾಬರು ಆ ಮನೆ ಮುಟ್ಟಿದಾಗ ಒಂದೂವರೆ. ಬಾಗಿಲಲ್ಲೇ ಹುಡುಗನ ತಾತ ಷಡಕ್ಷರಪ್ಪ ಕೂತಿದ್ದರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕೇಳುವವರು ಸಿಗದೆ ಹತ್ತು ವರ್ಷವಾಗಿತ್ತು.

"ಬನ್ನಿ ಸಾಬ್ರೆ. ನಿಮ್ಮ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸ್ಕೊಂಡು ಬಂದಿದಾನೆ."

"ಅದೆಲ್ಲ ನನಗೆ ಗೊತ್ತಿಲ್ಲ ಸಾರ್. ನಾಲ್ಕು ಗಂಟೆಗೆ ಅವನು ಭದ್ರಾವತೀಲಿರ್ಬೇಕು."

"ನೋಡಿ, ಅಸಲಿ ನೆಪೋಲಿಯನ್ನೂ ಹಿಂಗೇ ಮಾಡಿದ್ದು. ಒಂದ್ಸಲ ಪಟ್ಟ ಬಿಟ್ಟ, ದ್ವೀಪಕ್ಕೆ ಕಳ್ಸಿದ್ರು, ವರ್ಷದೊಳಗೆ ವಾಪಸ್ ಬಂದು ಇನ್ನೂ ನೂರು ದಿನ ಆಳಿದ."

"ನೂರು ದಿನ ಕೊಡಕ್ಕಾಗಲ್ಲ ಸಾರ್. ಎರಡೂವರೆ ಗಂಟೆ ಇದೆ."

ಒಳಗೆ ಚಕ್ರವರ್ತಿ ಕೋಟಿನ ಮೇಲೆ ಟವೆಲ್ ಕಟ್ಟಿಸಿಕೊಂಡು ಅನ್ನ ಸಾರು ಉಣ್ಣುತ್ತಿದ್ದ. ತಾಯಿ ಸುಮನಾ, "ಮಾವ, ಪಾಠ ಆಮೇಲೆ ಮಾಡಿ. ಇವನು ಸಾರು ಚೆಲ್ಕೊಂಡ್ರೆ ಆ ರಕ್ತಪಾತ ತೊಳೆಯೋಳು ನಾನು," ಎನ್ನುತ್ತಾ ತೋಳು ಹಿಡಿದು ಎಳೆದಳು. ಹುಡುಗ ಎರಡೂ ಕೈಯಲ್ಲಿ ಗುಂಡಿ ಹಿಡಿದು ಕೂಗಿಕೊಂಡ.

"ಬಿಡಿಯಮ್ಮ," ಎಂದು ಸಾಬರು ಅವನ ಎದುರು ನೆಲಕ್ಕೆ ಕೂತರು. "ಯಾಕಪ್ಪ ಬಿಚ್ಚಲ್ಲ?"

"ನಾನಿನ್ನೂ ಯುದ್ಧಾನೇ ಮಾಡಿಲ್ಲ. ಸ್ಟೇಜ್ ಹತ್ತಿ ನಾನು ನೆಪೋಲಿಯನ್ ಅಂದೆ, ಅಷ್ಟೆ. ಸಾಕು ಹೋಗು ಅಂದ್ರು."

ಅದೇ ಕೋಟು ತೊಟ್ಟು ಸಾಬರು ಕೊನೆಯ ಬಾರಿ ಟ್ರಂಪೆಟ್ ಊದಿದ್ದು ಭದ್ರಾವತಿಯ ಒಂದು ಮದುವೆ ಮೆರವಣಿಗೆಯಲ್ಲಿ. ಅರ್ಧ ದಾರಿಯಲ್ಲಿ ಡಿಜೆ ಲಾರಿ ಬಂದಿತ್ತು, ಹೆಣ್ಣಿನ ಕಡೆಯವರು ಮರ್ಯಾದೆಯಿಂದಲೇ ಸಾಕು ಹೋಗಿ ಎಂದಿದ್ದರು. ಸಾಬರು ಮನೆಗೆ ಬಂದು ಮೂರು ದಿನ ಕೋಟು ಬಿಚ್ಚಿರಲಿಲ್ಲ. ಗುಲ್ಷನ್ ಬೀ ಅದರ ಮೇಲೆಯೇ ಟವೆಲ್ ಕಟ್ಟಿ ಊಟಕ್ಕೆ ಬಡಿಸಿದ್ದರು.

"ನೀನಾದ್ಮೇಲೆ ಇದನ್ನ ರೂಹಿ ಅಂತ ಒಬ್ಳು ಹಾಕ್ಕೋತಾಳೆ. ನಿನ್ನಷ್ಟೇ ಇದಾಳೆ," ಎಂದರು ಸಾಬರು ಹುಡುಗನಿಗೆ.

"ಅವಳು ಯುದ್ಧ ಮಾಡ್ತಾಳಾ?"

"ಮಾಡ್ತಾಳೆ. ಆಸ್ಟ್ರಿಯದ ಸೈನಿಕರು ನಾಲ್ಕು ಜನ ಇದಾರಂತೆ. ಎಲ್ಲ ಸಾಯ್ತಾರೆ."

ಹುಡುಗ ಮಜ್ಜಿಗೆ ಅನ್ನ ಮುಗಿಸುವವರೆಗೆ ಯೋಚಿಸಿ ಷರತ್ತು ಹೇಳಿದ. ಭದ್ರಾವತಿಯವರೆಗೆ ಕೋಟು ತಾನೇ ಹಾಕಿಕೊಂಡು ಬರುತ್ತಾನೆ. ಅಲ್ಲಿ ತಾನೇ ಬಿಚ್ಚಿ ಕೊಡುತ್ತಾನೆ. ಯುದ್ಧ ನೋಡುತ್ತಾನೆ.

"ಶಾಂತಿಯುತ ಅಧಿಕಾರ ಹಸ್ತಾಂತರ," ಎಂದು ಷಡಕ್ಷರಪ್ಪ ಎದ್ದೇಬಿಟ್ಟರು. "ಅರ್ಧ ಜಗತ್ತಿಗೆ ಇನ್ನೂ ಬಂದಿಲ್ಲ ಇದು. ಸುಮನಾ, ಕಾರಿನ ಕೀ ಕೊಡಮ್ಮ."

ಷಡಕ್ಷರಪ್ಪನವರ ಹಳೇ ಮಾರುತಿ ಕಾರು ಮೂವತ್ತು ಕಿಲೋಮೀಟರ್ ವೇಗ ಮೀರುವುದಿಲ್ಲ. ಮಾತಾಡುವಾಗ ಇಪ್ಪತ್ತಕ್ಕೆ ಇಳಿಯುತ್ತದೆ. ಅವರು ರಷ್ಯಾದ ದಂಡಯಾತ್ರೆ ಶುರು ಮಾಡಿದಾಗ ಒಂದು ಟ್ರ್ಯಾಕ್ಟರು ಇವರನ್ನು ಹಿಂದೆ ಹಾಕಿತು. ಸಾಬರು ಮಡಿಲಲ್ಲಿ ಟೋಪಿ ಇಟ್ಟುಕೊಂಡು ಗಡಿಯಾರ ನೋಡುತ್ತಾ ಕೂತಿದ್ದರು.

ಶಾಲೆ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ. ಸ್ಟೇಜಿನ ಹಿಂದೆ ರೂಹಿ ಚಾರ್ಟ್ ಪೇಪರಿನ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು.

"ಅಬ್ಬಾ, ಫೋನ್ ಎತ್ಬಾರ್ದಾ?" ಎಂದಳು ಫರ್ಹೀನ್ ತಂದೆಗೆ.

"ಬಾಡಿಗೆಗೆ ಹೋಗಿದೆ ಅಲ್ವಾ?" ಎಂದಳು ರೂಹಿ, ಅಜ್ಜನ ಕಡೆ ನೋಡದೆ.

ವಿಶ್ವಾರಾಧ್ಯ ಮುಂದೆ ಬಂದು ಒಂಬತ್ತು ಗುಂಡಿಗಳನ್ನು ಒಂದೊಂದಾಗಿ ತೆಗೆದ. ಕೋಟನ್ನು ಹಿಂದಿನಿಂದ ಅವಳಿಗೆ ತೊಡಿಸಿದ. "ಮೇಲಿನ ಗುಂಡಿ ಸಡಿಲ ಇದೆ, ಎಳೀಬೇಡ," ಎಂದ.

ರೂಹಿ ಕುಚ್ಚು ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆಸ್ಟ್ರಿಯದವನೊಬ್ಬನಿಗೆ ಜ್ವರ. ಬಂದಿಲ್ಲ. ಸಾಯಕ್ಕೆ ಬರುತ್ತಾ ನಿಂಗೆ?"

ಅವನಿಗೆ ಬರುತ್ತಿತ್ತು. ಉಳಿದ ಮೂವರು ಒಂದೊಂದು ಏಟಿಗೆ ಬಿದ್ದರು. ನಾಲ್ಕನೆಯ ಆಸ್ಟ್ರಿಯನ್ ಮಾತ್ರ ಎರಡು ಸಲ ಎದ್ದು, ಮೂರು ಸಲ ಸತ್ತು, ಕೊನೆಗೆ ಪರದೆ ಎಳೆಯುವವನ ಕಾಲ ಮೇಲೆ ಬಿದ್ದು ಯುದ್ಧ ಮುಗಿಸಿದ. ಷಡಕ್ಷರಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಾಬರು ರೂಢಿಯಂತೆ ಚೀಲದ ಜಿಪ್ ತೆರೆದು ಮೆಟ್ಟಿಲ ಬಳಿ ನಿಂತರು. ರೂಹಿ ಟೋಪಿ ಕೊಟ್ಟಳು. ಕತ್ತಿ ಕೊಟ್ಟಳು. ಆಮೇಲೆ ಎರಡೂ ಕೈಯಲ್ಲಿ ಗುಂಡಿ ಹಿಡಿದು ಸುಮ್ಮನೆ ನಿಂತಳು. ಫರ್ಹೀನ್ ಗದರಲು ಬಾಯಿ ತೆರೆದಳು. ಸಾಬರು ಬೇಡ ಎಂದು ಕೈಯಾಡಿಸಿ ಚೀಲದ ಜಿಪ್ ಎಳೆದು ಮುಚ್ಚಿದರು.

ಸೋಮವಾರ ಸಾಗರ ರಸ್ತೆಯ ಶಾಲೆಯೊಂದರಿಂದ ಫೋನು ಬಂತು. ನಾಳಿದ್ದಿಗೆ ನೆಪೋಲಿಯನ್ ಬೇಕಿತ್ತು.

"ಅವನು ಜನ್ನಾಪುರದಲ್ಲಿದಾನೆ ಮೇಡಂ, ಯಾವಾಗ ಬರ್ತಾನೋ ಹೇಳಕ್ಕಾಗಲ್ಲ," ಎಂದರು ಸಾಬರು. "ಅಶೋಕ ಇದಾನೆ, ಕಳ್ಸಲಾ? ಒಳ್ಳೆ ಮನುಷ್ಯ. ಯುದ್ಧ ಬಿಟ್ಬಿಟ್ಟಿದಾನೆ."